ಎಲ್ಲವೂ ಉಷ್ಣವಲ್ಲ

ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವುದು ಐದು ತಾಲ್ಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಜಿಲ್ಲೆ ಹೊಸದಾಯಿತು, ಬಿಸಿಲು ಮಾತ್ರ ಹಳೆಯದೇ. ತುಂಗಭದ್ರೆ ಹರಪನಹಳ್ಳಿ, ಹಡಗಲಿಯ ಅಂಚು ಸವರಿಕೊಂಡು ಹರಿಯುತ್ತಾಳೆ. ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿಯ ಕಡೆಗೂ ಚಾಚಿಕೊಂಡಿದೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ನೆಲಕ್ಕೆ ಬಹುಕಾಲ ಕೊಳವೆಬಾವಿಯೇ ಗತಿಯಾಗಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಸುತ್ತ ಸುಳಿಯುವ ಈ ಸೀಮೆಯಲ್ಲಿ ಮೂತ್ರ ಹಳದಿಯಾದರೂ, ಉರಿದರೂ, ಕಡಿಮೆಯಾದರೂ, ಕಡೆಗೆ ಕೆಂಪಾದರೂ ಬಾಯಿಗೆ ಮೊದಲು ಬರುವ ಮಾತು ಒಂದೇ: "ಮೈಯಾಗ ಉಷ್ಣ ಆಗೇತಿ." ಮಜ್ಜಿಗೆ ಕುಡಿ, ಜೀರಿಗೆ ನೀರು ಕುಡಿ, ನೆತ್ತಿಗೆ ಹರಳೆಣ್ಣೆ ಹಾಕು ಎನ್ನುವ ಉಪಚಾರವೂ ಅದರ ಬೆನ್ನಿಗೇ ಬರುತ್ತದೆ. ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು. ಅದು ಅರ್ಧ ನಿಜ. ಉಳಿದ ಅರ್ಧದಲ್ಲಿ ಕಲ್ಲು, ಸೋಂಕು, ಸಕ್ಕರೆ ಕಾಯಿಲೆ, ಕ್ಯಾನ್ಸರು, ಕಿಡ್ನಿ ಸೋಲುವಿಕೆ ಇವೆಲ್ಲ ಅಡಗಿರುವುದರಿಂದ, ಉಷ್ಣವೆಂಬ ಮಾತು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲದು ಎಂಬ ಗೆರೆಯನ್ನು ಪ್ರತಿ ಮನೆಯೂ ತಿಳಿದಿರಬೇಕು ಎಂಬುದು ನನ್ನ ವಾದ.

ಗೆರೆ ಎಳೆಯಬೇಕಾದರೆ ಮೊದಲು ಮೂತ್ರ ಹುಟ್ಟುವ ಬಗೆ ಗೊತ್ತಿರಬೇಕು. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಭಾಗದ ಮರೆಯಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಒಂದೊಂದು ಮೂತ್ರಪಿಂಡವಿದೆ. ಉದ್ದ ಸುಮಾರು 11 ಸೆಂಟಿಮೀಟರ್, ತೂಕ ಸುಮಾರು 150 ಗ್ರಾಂ, ಆಕಾರ ಹುರುಳಿಕಾಳಿನಂತೆ ಒಂದು ಕಡೆ ಒಳಬಾಗಿದ್ದು. ಮೇಲೆ ಪಿತ್ತಜನಕಾಂಗ ಕುಳಿತಿರುವುದರಿಂದ ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ. ಇಷ್ಟು ಸಣ್ಣ ಅಂಗಗಳೆರಡಕ್ಕೆ ಹೃದಯ ತಾನು ಹೊರಚೆಲ್ಲುವ ರಕ್ತದ ಐದನೆಯ ಒಂದು ಭಾಗವನ್ನು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತವನ್ನು, ಕಳಿಸಿಕೊಡುತ್ತದೆ. ಒಂದೊಂದು ಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವುಗಳ ಹೆಸರು ನೆಫ್ರಾನ್. ದಿನವೊಂದಕ್ಕೆ ಇವೆಲ್ಲ ಸೇರಿ ಸೋಸುವ ದ್ರವ ಸುಮಾರು 180 ಲೀಟರ್, ನೀರು ತರುವ ಕೊಡದ ಲೆಕ್ಕದಲ್ಲಿ ಹನ್ನೆರಡು ಕೊಡಕ್ಕೂ ಮಿಕ್ಕಿದ್ದು. ಅಷ್ಟೂ ಹೊರಹೋದರೆ ಮನುಷ್ಯ ಒಂದು ತಾಸೂ ಬದುಕಲಾರ. ಆದ್ದರಿಂದ ಜರಡಿಯ ಮುಂದಿನ ಉದ್ದನೆಯ ಕೊಳವೆಗಳು ಅದರಲ್ಲಿ ನೂರಕ್ಕೆ 99 ಪಾಲನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಬೇಡವೆಂದು ಉಳಿದ ಒಂದೂವರೆ ಲೀಟರಿನಷ್ಟೇ ಮೂತ್ರ. ಅದು ಎರಡು ಸಣ್ಣ ನಾಳಗಳಲ್ಲಿ, ಇಪ್ಪತ್ತೈದು ಸೆಂಟಿಮೀಟರಿನಷ್ಟು ದಾರಿಯನ್ನು ಅಲೆಯಲೆಯಾಗಿ ದೂಡಿಸಿಕೊಂಡು ಕೆಳಗಿನ ಮೂತ್ರಕೋಶಕ್ಕೆ ಇಳಿಯುತ್ತದೆ. ಕೋಶ ನಾನೂರು, ಐನೂರು ಮಿಲಿಲೀಟರ್ ಹಿಡಿಯುವ ಸ್ನಾಯುವಿನ ಚೀಲ. ಅರ್ಧದಷ್ಟು ತುಂಬುವ ಹೊತ್ತಿಗೇ ಒಂದಕ್ಕೆ ಹೋಗಬೇಕೆಂಬ ಒತ್ತರ ಶುರುವಾಗುತ್ತದೆ. ಇಷ್ಟೇ ಆಗಿದ್ದರೆ ಮೂತ್ರಪಿಂಡವನ್ನು ಬರೀ ಸೋಸುವ ಯಂತ್ರವೆನ್ನಬಹುದಿತ್ತು. ಮೂಳೆಯ ಮಜ್ಜೆಗೆ ಕೆಂಪು ರಕ್ತಕಣ ಮಾಡೆಂದು ಹೇಳಿಕಳಿಸುವುದೂ, ಡಿ ವಿಟಮಿನ್ ಕೆಲಸಕ್ಕೆ ಬರುವಂತೆ ಪಳಗಿಸುವುದೂ, ರಕ್ತದೊತ್ತಡ ಕಾಯುವುದೂ ಇದೇ ಅಂಗ. ಕಿಡ್ನಿ ಸೋತವರ ಮುಖ ಬಿಳಿಚಿಕೊಳ್ಳುವುದು, ಮೂಳೆ ನೋಯುವುದು, ಬಿ.ಪಿ. ಏರುವುದು ಇದರಿಂದಲೇ.

ಈಗ ಉಷ್ಣದ ಮಾತಿಗೆ ಬರೋಣ. ಮೂತ್ರದ ಹಳದಿ ಬಣ್ಣ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಣ್ಣದ್ರವ್ಯದ್ದು. ಅದು ದಿನಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೊರಬೀಳುತ್ತದೆ. ಹೆಚ್ಚುಕಡಿಮೆಯಾಗುವುದು ಅದನ್ನು ಕರಗಿಸುವ ನೀರು. ಮೆಕ್ಕೆಜೋಳ ಮುರಿಯುವವರು, ಶೇಂಗಾ ಕೀಳುವವರು, ದಾವಣಗೆರೆ ಕಡೆಯಿಂದ ಕೊಟ್ಟೂರು ತೇರಿಗೆ ಕಾಲ್ನಡಿಗೆಯಲ್ಲಿ ಬರುವವರು ಬೆವರಿನಲ್ಲಿ ಲೀಟರುಗಟ್ಟಲೆ ನೀರು ಕಳೆದುಕೊಳ್ಳುತ್ತಾರೆ. ರಕ್ತ ದಪ್ಪವಾಗುವ ಸುಳಿವು ಸಿಕ್ಕ ಕೂಡಲೇ ಮಿದುಳಿನ ಬುಡದಿಂದ ಒಂದು ಹಾರ್ಮೋನು ಹೊರಟು, ಇನ್ನಷ್ಟು ನೀರು ಉಳಿಸಿಕೊಳ್ಳಿ ಎಂದು ಮೂತ್ರಪಿಂಡಕ್ಕೆ ಆಜ್ಞೆ ಮಾಡುತ್ತದೆ. ಆಗ ಮೂತ್ರ ಕಡಿಮೆಯಾಗುತ್ತದೆ, ಗಾಢವಾಗುತ್ತದೆ, ನಾರುತ್ತದೆ, ಒಮ್ಮೊಮ್ಮೆ ತುಸು ಉರಿಯುತ್ತದೆ ಕೂಡ. ಇಲ್ಲಿ ಹಿರಿಯರ ಉಷ್ಣ ಸರಿಯಾದ ಹೆಸರು. ಮಜ್ಜಿಗೆ, ಅಂಬಲಿ ಸರಿಯಾದ ಮದ್ದು, ಯಾಕೆಂದರೆ ಅವು ನೀರಿನ ಜೊತೆ ಬೆವರಿಗೆ ಹೋದ ಉಪ್ಪನ್ನೂ ತಂದುಕೊಡುತ್ತವೆ. ಆದರೆ ಈ ಉಷ್ಣಕ್ಕೊಂದು ಗುರುತಿದೆ. ನೆರಳಿಗೆ ಬಂದು ಚೆನ್ನಾಗಿ ನೀರು ಕುಡಿದ ಮೇಲೆ ಕೆಲವು ತಾಸಿನಲ್ಲಿ ಅದು ಇಳಿಯುತ್ತದೆ, ಮೂತ್ರ ತಿಳಿ ಹುಲ್ಲಿನ ಬಣ್ಣಕ್ಕೆ ಮರಳುತ್ತದೆ. ಮರುದಿನವೂ ಇಳಿಯದಿದ್ದರೆ, ಜೊತೆಗೆ ಜ್ವರ, ಬೆನ್ನುನೋವು, ಬಾವು, ರಕ್ತ ಯಾವುದಿದ್ದರೂ, ಅದು ಬಿಸಿಲಿನ ಕೆಲಸವಲ್ಲ. ನಾನು ಹೇಳಿದ ಗೆರೆ ಇದೇ. ಕಣ್ಣು ಹಳದಿಯಾಗಿ ಮೂತ್ರ ಸಾಸಿವೆ ಎಣ್ಣೆಯ ಬಣ್ಣಕ್ಕೆ ತಿರುಗಿದರೆ ಕಾಮಾಲೆ. ಅಲ್ಲಿ ತಪ್ಪಿರುವುದು ಪಿತ್ತಜನಕಾಂಗ ಅಥವಾ ಪಿತ್ತದ ನಾಳ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರ ಎದ್ದುಕಾಣುವ ಹಳದಿ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯ ಕಿತ್ತಳೆ ಕೆಂಪು, ಬೀಟ್‌ರೂಟ್ ತಿಂದ ಮರುದಿನದ ಗುಲಾಬಿ ಬಣ್ಣ, ಇವಕ್ಕೆ ಹೆದರಬೇಕಾದ್ದಿಲ್ಲ. ಮೂತ್ರ ಕಿತ್ತಳೆಯಾಯಿತೆಂದು ಕ್ಷಯದ ಮಾತ್ರೆ ಬಿಟ್ಟರೆ ಮಾತ್ರ ದೊಡ್ಡ ಅನಾಹುತ.

ಉಷ್ಣವೆಂಬ ಮಾತು ಅತಿ ಹೆಚ್ಚು ಕೆಡುಕು ಮಾಡುವುದು ಹೆಂಗಸರ ಉರಿಮೂತ್ರದಲ್ಲಿ. ಗಂಡಸಿನ ಮೂತ್ರದ್ವಾರದ ನಾಳ 18ರಿಂದ 20 ಸೆಂಟಿಮೀಟರ್ ಉದ್ದ, ಹೆಂಗಸಿನದು ಸುಮಾರು ನಾಲ್ಕೇ ಸೆಂಟಿಮೀಟರ್. ದೊಡ್ಡ ಕರುಳಿನಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾಕ್ಕೆ ಆ ನಾಲ್ಕು ಸೆಂಟಿಮೀಟರ್ ದಾಟುವುದು ದೊಡ್ಡ ಮಾತಲ್ಲ. ಅದನ್ನು ತೊಳೆದು ಹೊರಹಾಕುವುದು ಮೇಲಿಂದ ಮೇಲೆ ಬರುವ ಮೂತ್ರದ ಧಾರೆ. ಆದರೆ ಹೊಲದಲ್ಲಿ ಮರೆಯಿಲ್ಲ, ಬಸ್ ನಿಲ್ದಾಣದ ಶೌಚಾಲಯಕ್ಕೆ ಕಾಲಿಡಲಾಗದು, ಕೂಲಿಯ ಜಾಗದಲ್ಲಿ ಗಂಡಸರ ಕಣ್ಣು ತಪ್ಪಿಸಬೇಕು. ಹೀಗಾಗಿ ಹೆಣ್ಣುಮಕ್ಕಳು ಬೆಳಗಿನಿಂದಲೇ ನೀರು ಕಡಿಮೆ ಕುಡಿದು, ಬಂದದ್ದನ್ನು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ನಿಂತ ನೀರಿನಲ್ಲಿ ಪಾಚಿ ಕಟ್ಟಿದ ಹಾಗೆ ಕೋಶದಲ್ಲಿ ಸೋಂಕು ಬೆಳೆಯುತ್ತದೆ. ಮೂತ್ರ ಕಲಕಿದಂತಾಗುವುದು, ಕೆಟ್ಟ ವಾಸನೆ, ಹೋಗಿಬಂದ ಮರುಕ್ಷಣವೇ ಮತ್ತೆ ಒತ್ತರ, ಹನಿಹನಿ ಉರಿ ಇವು ಅದರ ಲಕ್ಷಣ. ಇಲ್ಲಿಗೆ ಹಿಡಿದರೆ ಕೆಲವು ದಿನದ ಆಂಟಿಬಯೋಟಿಕ್ ಸಾಕು. ಉಷ್ಣವೆಂದು ಬಿಟ್ಟರೆ ಸೋಂಕು ನಾಳ ಹತ್ತಿ ಮೂತ್ರಪಿಂಡ ಸೇರಬಹುದು. ನಡುಕದ ಜ್ವರ, ಪಕ್ಕೆಯ ನೋವು, ವಾಂತಿ ಅದರ ಸೂಚನೆ. ಬಸುರಿಯರಲ್ಲಂತೂ ಯಾವ ಉರಿಯೂ ಇಲ್ಲದೆ ಸೋಂಕು ಇರಬಹುದು. ಪ್ರತಿ ತಪಾಸಣೆಯಲ್ಲೂ ಮೂತ್ರ ತಾ ಎಂದು ನರ್ಸ್ ಕೇಳುವುದು ಕಾಟಾಚಾರಕ್ಕಲ್ಲ: ಬಿ.ಪಿ. ಏರಿ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಕಂಡರೆ ಅದು ತಾಯಿ, ಮಗು ಇಬ್ಬರ ಜೀವಕ್ಕೂ ಬಂದ ಎಚ್ಚರಿಕೆ.

ಕಲ್ಲಿನ ವಿಷಯದಲ್ಲಿ ಈ ಕಡೆಯ ಜನ ಒಂದು ಆಕ್ಷೇಪ ಎತ್ತುತ್ತಾರೆ, ಅದು ಉತ್ತರಿಸಬೇಕಾದದ್ದೇ. ಬೋರಿನ ನೀರು ಗಡಸು, ಕಾಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ, ಹಾಗೆಯೇ ಕಿಡ್ನಿಯಲ್ಲೂ ಕಟ್ಟುತ್ತದೆ. ಅಂಥ ನೀರನ್ನು ಹೆಚ್ಚು ಕುಡಿ ಎನ್ನುವುದು ಕಲ್ಲಿಗೆ ಕಲ್ಲು ಪೇರಿಸಿದಂತಲ್ಲವೇ? ನೋಡಲು ತರ್ಕ ಗಟ್ಟಿಯಾಗಿದೆ. ಆದರೆ ಪಾತ್ರೆಯಲ್ಲಿ ಕಟ್ಟುವುದು ಬಹುಪಾಲು ಸುಣ್ಣದ ಕಾರ್ಬೊನೇಟ್, ಮೂತ್ರದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ; ಕಲ್ಲಿನ ಭಯದಿಂದ ಹಾಲು, ಮೊಸರು ಬಿಟ್ಟವರಿಗೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ನೀರಿನ ಗಡಸುತನಕ್ಕೂ ಕಲ್ಲಿಗೂ ಇರುವ ನಂಟು ತೀರಾ ತೆಳು. ನೀರಿನ ಅಳತೆಗೂ ಕಲ್ಲಿಗೂ ಇರುವ ನಂಟು ಗಟ್ಟಿ. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ಗಮನಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು, ಎಂದಿನಂತೆ ಕುಡಿದವರಲ್ಲಿ 27 ಜನರಿಗೆ. ನೀರು ಕಡಿಮೆಯಾದ ಮೂತ್ರದಲ್ಲಿ ಲವಣ ಬೇಗ ಹರಳುಗಟ್ಟುತ್ತದೆ. ಬಿಸಿಲ ಸೀಮೆಗಳಲ್ಲಿ ಕಲ್ಲು ಹೆಚ್ಚಿರುವ ಕಾರಣ ಇದೇ. ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್ಚರಿನ ಉಪ್ಪು ಕೂಡ ಮೂತ್ರಕ್ಕೆ ಕ್ಯಾಲ್ಸಿಯಂ ಸೆಳೆದು ಇದಕ್ಕೆ ಕೈಜೋಡಿಸುತ್ತದೆ.

ಕಲ್ಲಿಗೆ ಹುರುಳಿಕಟ್ಟು, ಬಾಳೆದಿಂಡಿನ ರಸ, ಹೊಲದ ಬದುವಿನಲ್ಲೇ ಸಿಗುವ ನೆಗ್ಗಿಲುಮುಳ್ಳಿನ ಕಷಾಯ ಕುಡಿದು ಗುಣವಾಯಿತೆನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಜಾರಿಹೋಗುತ್ತವೆ. ಕಷಾಯದ ನೀರು ಅದಕ್ಕೆ ನೆರವಾಗಬಹುದು. ತೊಡಕಿರುವುದು ಜಾರದ ಕಲ್ಲಿನಲ್ಲಿ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಮೊದಲು ಜೀವ ಹಿಂಡುವ ನೋವು ಕೊಡುತ್ತದೆ, ಆಮೇಲೆ ಎಷ್ಟೋ ಸಲ ನೋವು ನಿಂತುಬಿಡುತ್ತದೆ, ಕಲ್ಲು ಮಾತ್ರ ಅಲ್ಲೇ ಇರುತ್ತದೆ. ಹಿಂದೆ ತುಂಬಿಕೊಂಡ ಮೂತ್ರದ ಒತ್ತಡಕ್ಕೆ ಪಿಂಡ ಊದಿಕೊಂಡು ಸದ್ದಿಲ್ಲದೆ ಕೆಲಸ ಬಿಡುತ್ತದೆ. ನೋವು ನಿಂತ ಮೇಲೂ ಒಂದು ಅಲ್ಟ್ರಾಸೌಂಡ್ ಮಾಡಿಸಿ ಕಲ್ಲು ಹೋಯಿತೋ ಇದೆಯೋ ನೋಡಬೇಕೆನ್ನುವುದು ಇದಕ್ಕೆ. ಇನ್ನೊಂದು ಮಾತು: ಕಿಡ್ನಿ ಈಗಾಗಲೇ ದುರ್ಬಲವಾದವರಿಗೆ ತಂಪೆಂದು ಕೊಡುವ ಎಳನೀರು, ಬಾಳೆದಿಂಡು ವಿಷವಾಗಬಹುದು. ಅವುಗಳಲ್ಲಿ ಪೊಟ್ಯಾಸಿಯಂ ಬಹಳ. ಅದನ್ನು ಹೊರಹಾಕಲಾಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಅಂಥವರಿಗೂ, ಹೃದಯ ಸೋತವರಿಗೂ ಹೆಚ್ಚು ನೀರು ಕುಡಿಯುವ ಸಲಹೆ ಸಲ್ಲದು. ಅವರ ನೀರಿನ ಅಳತೆ ವೈದ್ಯರು ಹೇಳಿದ್ದು.

ಕೆಂಪು ಬಣ್ಣದಲ್ಲಿ ಉಷ್ಣಕ್ಕೆ ಜಾಗವೇ ಇಲ್ಲ. ನೋವಿನ ಜೊತೆ ಕೆಂಪು ಬಂದರೆ ಕಲ್ಲು ಅಥವಾ ಸೋಂಕು ಇರಬಹುದು. ನೋವಿಲ್ಲದೆ ಕೆಂಪು ಬಂದರೆ ಭಯ ಹೆಚ್ಚಿರಬೇಕು, ಅದೂ ನಲವತ್ತು ದಾಟಿ ಬೀಡಿ ಸೇದುವವರಲ್ಲಿ. ಹೊಗೆಯ ವಿಷ ರಕ್ತದಿಂದ ಸೋಸಿಬಂದು ಮೂತ್ರಕೋಶದಲ್ಲಿ ತಾಸುಗಟ್ಟಲೆ ನಿಲ್ಲುವುದರಿಂದ ಕೋಶದ ಕ್ಯಾನ್ಸರಿಗೆ ಧೂಮಪಾನವೇ ಮೊದಲ ಕಾರಣ. ಕೆಂಪು ಒಂದು ದಿನ ಬಂದು ಆರು ತಿಂಗಳು ನಿಂತುಹೋಗುವುದು ಆ ರೋಗದ ಚಾಳಿ. ನಿಂತಿತೆಂದು ಜನ ಮರೆಯುವುದೂ ಅದಕ್ಕೇ. ಮಕ್ಕಳಲ್ಲಿ ಗಂಟಲುನೋವು ಬಂದ ಒಂದೆರಡು ವಾರಕ್ಕೆ, ಮೈಮೇಲೆ ಕೀವುಗುಳ್ಳೆ ಎದ್ದ ಮೂರು ನಾಲ್ಕು ವಾರಕ್ಕೆ ಮೂತ್ರ ಚಹಾದ ಡಿಕಾಕ್ಷನ್ನಿನ ಬಣ್ಣವಾಗಿ ಮುಖ ಬಾತರೆ, ಆ ಸೋಂಕಿನ ವಿರುದ್ಧ ದೇಹ ಹೂಡಿದ ಹೋರಾಟ ಜರಡಿಗಳಿಗೇ ಪೆಟ್ಟು ಕೊಟ್ಟಿದೆ ಎಂದರ್ಥ. ಸಕಾಲಕ್ಕೆ ನೋಡಿದರೆ ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಈ ಒಣಭೂಮಿಯ ರೈತರು ನೆನಪಿಡಬೇಕಾದ ಮತ್ತೊಂದಿದೆ. ಕೊಳಕುಮಂಡಲ ಕಚ್ಚಿದವರ ಮೂತ್ರ ಕೆಂಪಾಗುವುದು, ಕಡಿಮೆಯಾಗುವುದು ವಿಷ ರಕ್ತಕ್ಕೂ ಮೂತ್ರಪಿಂಡಕ್ಕೂ ಇಳಿದ ಗುರುತು. ಅದು ಕಾಣುವವರೆಗೆ ಕಾಯದೆ, ಕಚ್ಚಿದ ಕೂಡಲೇ ಆಸ್ಪತ್ರೆ ಸೇರಬೇಕು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಒಂದು ಪ್ರಶ್ನೆ ಬರುತ್ತದೆ. ಮೂತ್ರ ನೀರಿನ ಹಾಗೆ ತಿಳಿಯಾಗಿದ್ದರೆ ನಿಶ್ಚಿಂತೆಯೇ? ಇಲ್ಲ. ದೇಶದಲ್ಲಿ ಕಿಡ್ನಿಯನ್ನು ಹೆಚ್ಚಾಗಿ ಹಾಳುಮಾಡುವ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಬಣ್ಣವನ್ನು ಕೆಡಿಸದೆಯೇ ಕೆಲಸ ಮುಗಿಸುತ್ತವೆ. ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು 20 ಬಗೆಯಾಗಿ ಎಣಿಸಿದವು. ಮಧುಮೇಹವೆಂಬ ಹೆಸರೇ ಮೂತ್ರದ ಸಿಹಿಯಿಂದ ಬಂದದ್ದು. ಆ ಸಿಹಿ ಸಕ್ಕರೆಯದೇ ಎಂದು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ 1776ರಲ್ಲಿ ತೋರಿಸಿದ. ಆದರೂ ಇರುವೆ ಮುತ್ತುವುದನ್ನು ಕಾಯುತ್ತ ಕೂರಬಾರದು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರಕ್ಕೆ ಸೋರುತ್ತದೆ. ಅಷ್ಟರಲ್ಲಿ ಕಾಯಿಲೆಗೆ ವರ್ಷಗಳೇ ಆಗಿರಬಹುದು. ಅಲ್ಬುಮಿನ್ ಇನ್ನೂ ಮುಖ್ಯ. ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಮೈ ಬಾತವರ ಮೂತ್ರವನ್ನು ಚಮಚದಲ್ಲಿಟ್ಟು ದೀಪದ ಮೇಲೆ ಕಾಸಿದ. ಮೊಟ್ಟೆಯ ಬಿಳಿಯಂತೆ ಅದು ಹೆಪ್ಪುಗಟ್ಟಿತು, ಸತ್ತವರ ದೇಹದಲ್ಲಿ ನೋಡಿದರೆ ಮೂತ್ರಪಿಂಡ ಕೆಟ್ಟಿತ್ತು. ಜರಡಿಯ ತೂತು ಹಿಗ್ಗಿ, ರಕ್ತದಲ್ಲೇ ಉಳಿಯಬೇಕಾದ ಪ್ರೋಟೀನು ಕೆಳಗೆ ಬೀಳುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬಹಳ ಸೋರಿದರೆ ಮೂತ್ರದಲ್ಲಿ ನೊರೆ ಎದ್ದು ಆರದೆ ನಿಲ್ಲುತ್ತದೆ. ಸ್ವಲ್ಪ ಸೋರುವಾಗ ಕಣ್ಣಿಗೆ ಏನೂ ಕಾಣದು, ಪರೀಕ್ಷೆಗೆ ಮಾತ್ರ ಕಾಣುತ್ತದೆ, ಮತ್ತು ಕಿಡ್ನಿಯನ್ನು ಉಳಿಸಿಕೊಳ್ಳಬಹುದಾದ ಕಾಲವೂ ಅದೇ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯೇಟಿನಿನ್ ಎಂಬ ಕಸದ ಅಳತೆ ರಕ್ತದಲ್ಲಿ ಸರಿಯಿದೆ ಎಂದು ಸಮಾಧಾನಪಡುವವರಿದ್ದಾರೆ. ಅದು ಗಡಿ ಮೀರಿ ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗಿರಬಹುದು. ಸಕ್ಕರೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯೇಟಿನಿನ್ ಎರಡನ್ನೂ ನೋಡಿಸಲೇಬೇಕು.

ಈ ತಾಲ್ಲೂಕುಗಳ ಮೂತ್ರ ಇನ್ನೊಂದು ಕಥೆಯನ್ನೂ ಹೊತ್ತು ತರುತ್ತದೆ. ಕೂಡ್ಲಿಗಿ ಸುತ್ತಿನ ಅನೇಕ ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗಡಿಯನ್ನು ಮೀರಿದೆ. ಅಡಿಯ ಬಂಡೆಯಿಂದ ಕರಗಿ ಬರುವ ಅದು ಮಕ್ಕಳ ಹಲ್ಲಿನ ಕಂದು ಪಟ್ಟೆಯಾಗಿ, ದೊಡ್ಡವರ ಬಿರುಸಾದ ಕೀಲಾಗಿ ಕಾಣಿಸುತ್ತದೆ. ದೇಹಕ್ಕೆ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧ ಮೂತ್ರದಲ್ಲೇ ಹೊರಬೀಳುವುದರಿಂದ, ಒಂದು ಊರಿನವರ ಮೂತ್ರ ಪರೀಕ್ಷಿಸಿದರೆ ಆ ಊರು ಎಂಥ ನೀರು ಕುಡಿಯುತ್ತಿದೆ ಎಂದು ತಿಳಿಯುತ್ತದೆ. ಕಿಡ್ನಿ ದುರ್ಬಲವಾದವರಲ್ಲಿ ಅದು ಹೊರಹೋಗದೆ ಮೂಳೆಯಲ್ಲಿ ಇನ್ನಷ್ಟು ಕೂರುತ್ತದೆ. ಕಾಸಿದರೆ ಫ್ಲೋರೈಡ್ ಹೋಗದು, ನೀರು ಬತ್ತಿದಷ್ಟೂ ದಟ್ಟವಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತರೆ ಅದನ್ನು ಆರೋಗ್ಯದ ದೂರೆಂದೇ ಪಂಚಾಯಿತಿಗೆ ಕೊಡಬೇಕು. ಫ್ಲೋರೈಡಿನಿಂದಲೇ ಕಿಡ್ನಿ ಹೋಗುತ್ತದೆಯೇ ಎಂದರೆ ಹಾಗೆನ್ನಲು ಸಾಕಷ್ಟು ಸಾಕ್ಷ್ಯವಿಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ, ಶ್ರೀಲಂಕಾದ ಒಣಸೀಮೆಯಲ್ಲಿ, ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆಯೂ ಬಿ.ಪಿ.ಯೂ ಇಲ್ಲದ ದುಡಿಯುವ ಜನರ ಕಿಡ್ನಿಗಳು ಸೋತವು. ನೀರು, ಕೀಟನಾಶಕ, ಬಿಸಿಲಿನ ದುಡಿಮೆ ಎಲ್ಲದರ ಮೇಲೂ ಸಂಶಯವಿದೆ. ಕಬ್ಬು ಕಡಿಯುವವರಲ್ಲಿ ದಿನದಿನವೂ ನೀರು ಬತ್ತಿದ ಮೈಯಲ್ಲಿ ದುಡಿಯುವುದೇ ಮುಖ್ಯ ಎಂಬ ವಾದಕ್ಕೆ ಬಲ ಹೆಚ್ಚು.

ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಗುಳೆ ಹೋಗುವವರ ನೆನಪು ಇಲ್ಲಿ ಬರದೆ ಇರದು. ದಿನವಿಡೀ ಬಿಸಿಲು, ಕುಡಿಯಲು ಸಾಲದ ನೀರು, ರಾತ್ರಿ ಮೈಕೈ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆ. ನೀರು ಬತ್ತಿದಾಗ ಮೂತ್ರಪಿಂಡ ತನ್ನೊಳಗೆ ಬರುವ ರಕ್ತನಾಳವನ್ನು ಹಿಗ್ಗಿಸಿಟ್ಟುಕೊಂಡು ಹೇಗೋ ಬದುಕುತ್ತದೆ. ನೋವಿನ ಮಾತ್ರೆ ಆ ಹಿಗ್ಗನ್ನೇ ತಡೆಯುತ್ತದೆ. ಅಪರೂಪಕ್ಕೊಂದು ನುಂಗಿದರೆ ಗಟ್ಟಿ ಕಿಡ್ನಿ ತಾಳಿಕೊಳ್ಳುತ್ತದೆ. ಹಂಗಾಮು ಮುಗಿಯುವವರೆಗೆ ದಿನಾ ನುಂಗುವುದು ಕಿಡ್ನಿಯನ್ನು ಅಡವಿಟ್ಟು ಕೂಲಿ ಮಾಡಿದಂತೆ. ಹಿರಿಯರು ಇದಕ್ಕಿಂತ ಕಷ್ಟಪಟ್ಟು ನೂರು ವರ್ಷ ಬದುಕಲಿಲ್ಲವೇ ಎನ್ನುವವರು, ಹಿರಿಯರಿಗೆ ಈ ಮಾತ್ರೆ ಇರಲಿಲ್ಲ, ನೂರಾರು ಅಡಿ ಆಳದ ಬೋರಿನ ನೀರಿರಲಿಲ್ಲ, ಸಕ್ಕರೆ ಕಾಯಿಲೆ ಇಷ್ಟಿರಲಿಲ್ಲ ಎಂಬುದನ್ನೂ ಎಣಿಸಬೇಕು. ಬಡವರಿಗೆ ಪರೀಕ್ಷೆಯ ದುಡ್ಡು ಎಲ್ಲಿಂದ ಎಂಬ ಆಕ್ಷೇಪದ ಲೆಕ್ಕವೂ ಇದೆ. ಸಕ್ಕರೆ, ಅಲ್ಬುಮಿನ್ ನೋಡುವ ಮೂತ್ರದ ಪಟ್ಟಿ ಸರ್ಕಾರಿ ಆಸ್ಪತ್ರೆಯ ಅತಿ ಅಗ್ಗದ ಪರೀಕ್ಷೆಗಳಲ್ಲೊಂದು. ಕಿಡ್ನಿ ಪೂರ್ತಿ ಸೋತ ಮೇಲೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಪುಕ್ಕಟೆ ಸಿಕ್ಕರೂ ಅಷ್ಟು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಬಸ್ಸಿನ ದುಡ್ಡು ಯಾರೂ ತುಂಬಿಕೊಡುವುದಿಲ್ಲ.

ಕಡೆಯ ಅಡ್ಡಿ ನಾಚಿಕೆಯದು. ಇಂಥ ಮಾತನ್ನು ಗಂಡನ ಮುಂದೆ, ಮಗನ ಮುಂದೆ ಆಡುವುದು ಹೇಗೆ ಎಂದು ಸುಮ್ಮನಿರುವ ಹೆಂಗಸರು ಊರಿನ ಆಶಾ ಕಾರ್ಯಕರ್ತೆಗೆ ಹೇಳಬಹುದು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಧಾರೆ ಸಣ್ಣಗಾದ, ರಾತ್ರಿ ನಾಲ್ಕೈದು ಸಲ ಏಳುವ ಮುದುಕರು ವಯಸ್ಸಾಯಿತೆಂದು ಬಿಡದೆ ವೈದ್ಯರಿಗೇ ಹೇಳಲಿ. ಪರೀಕ್ಷೆಗೆ ಕೊಡುವಾಗ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಆಸ್ಪತ್ರೆಯವರು ಕೊಟ್ಟ ಡಬ್ಬಿಯಲ್ಲೇ ಹಿಡಿದು, ಒಂದೆರಡು ತಾಸಿನೊಳಗೆ ಮುಟ್ಟಿಸಬೇಕು. ಮುಟ್ಟಿನ ದಿನಗಳಾದರೆ ಅದನ್ನು ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಆ ರಕ್ತವೇ ವರದಿಯಲ್ಲಿ ಬರುತ್ತದೆ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಬೇಕು. ನಾಟಿ ಔಷಧಿ ಕುಡಿಯುತ್ತಿದ್ದರೆ ಅದರ ಹೆಸರನ್ನೂ ಮುಚ್ಚಿಡದೆ ಹೇಳಬೇಕು.